ಬೆಳಗಾವಿಯಿಂದ ಮೈಸೂರು: ದೂರ ಇದ್ದಷ್ಟೇ ಇದೆ, ವಿಮಾನ?

ಫೋನ್ ತೆಗೆದು ‘ಬೆಳಗಾವಿಯಿಂದ ಮೈಸೂರಿಗೆ ವಿಮಾನದಲ್ಲಿ ಎಷ್ಟು ದೂರ’ ಅಂತ ಹುಡುಕಿ ನೋಡಿ. ನೇರ ಗೆರೆ ಎಳೆದರೆ ಸುಮಾರು 460 ಕಿಲೋಮೀಟರ್. ಹಾರಾಟದ ಸಮಯವನ್ನೂ ಹೀಗೇ ಲೆಕ್ಕ ಹಾಕಬಹುದು. ಎಟಿಆರ್‌ನಂಥ ಚಿಕ್ಕ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಮೇಲೇರೋಕೆ, ಇಳಿಯೋಕೆ ಒಂದಿಷ್ಟು ನಿಮಿಷ ಸೇರಿಸಿದರೆ ಒಂದೂಕಾಲು ಗಂಟೆ ದಾಟುತ್ತೆ. ಆದರೆ ಆ ದಾರಿಯಲ್ಲಿ ವಿಮಾನ ಇದೆಯಾ ಅಂತ ಈ ಲೆಕ್ಕ ಕೇಳೋದೇ ಇಲ್ಲ!

ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಳಗಾವಿ ಹತ್ತಿರದ ಸಾಂಬ್ರಾ ನಿಲ್ದಾಣ ಶುರುವಾಗಿದ್ದು 1942ರಲ್ಲಿ. ಕಟ್ಟಿದ್ದು ಬ್ರಿಟಿಷರ ರಾಯಲ್ ಏರ್ ಫೋರ್ಸ್, ಎರಡನೇ ಮಹಾಯುದ್ಧದ ತರಬೇತಿಗಾಗಿ. ಮೈಸೂರಿನ ಮಂಡಕಳ್ಳಿ ನಿಲ್ದಾಣ ಅದೇ ದಶಕದ್ದು, ಕಟ್ಟಿಸಿದ್ದು ಮೈಸೂರು ಸಂಸ್ಥಾನ. ಒಂದಕ್ಕೆ ಯುದ್ಧ ಕಾರಣ, ಇನ್ನೊಂದಕ್ಕೆ ಅರಮನೆ. ಊರಿನ ಜನ ಎಲ್ಲಿಗೆ ಹೋಗಬೇಕು ಅನ್ನೋದು ಆ ಲೆಕ್ಕದಲ್ಲಿ ಇರಲಿಲ್ಲ.

ಆಗ ನಮ್ಮ ಜಮಖಂಡಿ, ಮುಧೋಳ ಎರಡೂ ಪುಟ್ಟ ಸಂಸ್ಥಾನಗಳು. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಇವತ್ತು ಮುಧೋಳ ತಾಲೂಕಿನ ತಿಮ್ಮಾಪುರದ ಹುಡುಗನಿಗೆ ಬೆಳಗಾವಿ, ಹುಬ್ಬಳ್ಳಿ ಎರಡು ನಿಲ್ದಾಣಗಳಿವೆ. ಅವೆರಡರ ನಡುವಿನ ನೇರ ಅಂತರ ಬರೀ 75 ಕಿಲೋಮೀಟರ್. ಆದರೆ ಮುಧೋಳದಿಂದ ಬೆಳಗಾವಿಗೆ ಗೆರೆ ಎಳೆದರೆ ಸುಮಾರು 90, ಹುಬ್ಬಳ್ಳಿಗೆ ಸುಮಾರು 110. ರಸ್ತೆಯಲ್ಲಿ ಇನ್ನೂ ಜಾಸ್ತಿ. ಅಂದ್ರೆ ವಿಮಾನ ಹತ್ತೋ ಮೊದಲೇ, ಹಾರಾಟಕ್ಕಿಂತ ಹೆಚ್ಚು ಹೊತ್ತು ರಸ್ತೆಯಲ್ಲೇ ಕಳೆದಿರುತ್ತೆ.

ಈಗ ಉಡಾನ್ ಯೋಜನೆಗೆ ಬರೋಣ. 2016ರಲ್ಲಿ ಘೋಷಣೆ, 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಮೊದಲ ಹಾರಾಟ. ಸುಮಾರು 500 ಕಿಲೋಮೀಟರ್ ಅಥವಾ ಒಂದು ಗಂಟೆಯ ಪಯಣಕ್ಕೆ, ನಿಗದಿತ ಸೀಟುಗಳಿಗೆ ಅಂದಾಜು 2,500 ರೂಪಾಯಿಯ ಮಿತಿ. ಕಂಪನಿಗೆ ಆಗೋ ನಷ್ಟವನ್ನು ಮೂರು ವರ್ಷ ತುಂಬಿಕೊಡೋದು ಸರ್ಕಾರ. ಇದೇ ಯೋಜನೆಯಲ್ಲಿ 2020ರಲ್ಲಿ ಟ್ರೂಜೆಟ್ ಬೆಳಗಾವಿ–ಮೈಸೂರು ಹಾರಾಟ ಶುರು ಮಾಡಿತು. ಬಸ್ಸಿನಲ್ಲಿ ಇಡೀ ರಾತ್ರಿ ತಗೊಳ್ಳೋ ದಾರಿ ಅದು. ಅದೇ ವರ್ಷ ಕೋವಿಡ್ ಬಂತು. 2022ರ ಹೊತ್ತಿಗೆ ಟ್ರೂಜೆಟ್ ವಿಮಾನಗಳೇ ನೆಲ ಬಿಟ್ಟು ಏಳಲಿಲ್ಲ.

ಇದು ಒಂದು ಕಂಪನಿಯ ಕಥೆ ಮಾತ್ರ ಅಲ್ಲ. 2023ರ ಸಿಎಜಿ ವರದಿ ನೋಡಿ: ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಶುರುವಾಗಿದ್ದು 371. ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು ಬರೀ 54.

ಯಾಕೆ ಹೀಗೆ? ಚಿಕ್ಕ ವಿಮಾನದಲ್ಲಿ ಸೀಟು ಕಡಿಮೆ. ಇಂಧನ, ಸಿಬ್ಬಂದಿ, ಬಾಡಿಗೆಯ ಖರ್ಚು ಅಷ್ಟೇ ಸೀಟುಗಳ ಮೇಲೆ ಬೀಳುತ್ತೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಹಾರಿದರೆ ಜನ ನಂಬಿ ಟಿಕೆಟ್ ತಗೊಳ್ಳಲ್ಲ. ಜನ ಬರದಿದ್ದರೆ ಕಂಪನಿ ದಿನ ಹೆಚ್ಚಿಸಲ್ಲ.

2021ರ ಫೆಬ್ರವರಿಯಲ್ಲಿ ವಿಜಯಪುರ ವಿಮಾನ ನಿಲ್ದಾಣದ ಕಾಮಗಾರಿಗೆ ಚಾಲನೆ ಸಿಕ್ಕಿತು. ಜಮಖಂಡಿಗೆ ಅದು ಬೆಳಗಾವಿಗಿಂತ ಎಷ್ಟೋ ಹತ್ತಿರ. ಆದರೆ ರನ್‌ವೇ ಎಷ್ಟು ಉದ್ದ ಅಂತ ಕೇಳಿದರಷ್ಟೇ ಸಾಲದು. ಅಲ್ಲಿಂದ ಎಲ್ಲಿಗೆ, ವಾರಕ್ಕೆ ಎಷ್ಟು ದಿನ, ಸಹಾಯಧನ ಮುಗಿದ ಮೇಲೆ ಏನು, ಇದನ್ನೂ ಈಗಲೇ ಕೇಳಬೇಕು. ನಿಮ್ಮೂರಿಂದ ನಿಲ್ದಾಣಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ? ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.