ರೇಷ್ಮೆಹುಳುವಿನ ತಟ್ಟೆಯ ಶುದ್ಧಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೈತರಿಗೆ ರೇಷ್ಮೆಹುಳು ಹಸುವಿನಷ್ಟೇ ಆರೈಕೆ ಬೇಡುವ ಜೀವ. 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಅಡಿಪಾಯ ಹಾಕಿದನು. ಹುಳುವಿನೊಂದಿಗೆ ಅದರ ರೋಗಗಳ ಚಿಂತೆಯೂ ಬಂದಿತು. 1865ರಿಂದ ಫ್ರಾನ್ಸಿನಲ್ಲಿ ಗಂಟುರೋಗವನ್ನು ಅಭ್ಯಸಿಸಿದ ಲೂಯಿ ಪಾಶ್ಚರನು ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗರಹಿತ ಮೊಟ್ಟೆಗಳನ್ನೇ ಸಾಕಣೆಗೆ ಆರಿಸುವ ಕ್ರಮವನ್ನು ತೋರಿಸಿದನು. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ಅದನ್ನೇ ಅನುಸರಿಸುತ್ತವೆ.

ಉಳಿದದ್ದು ತಟ್ಟೆ, ಚಂದ್ರಿಕೆ, ಹುಳುಮನೆಗಳ ಶುದ್ಧಿ. 20ನೇ ಶತಮಾನದಲ್ಲಿ ಇದಕ್ಕೆ ಫಾರ್ಮಾಲಿನ್ ಸಿಂಪಡಣೆ ರೂಢಿಯಾಯಿತು. ಕಣ್ಣು, ಗಂಟಲು ಉರಿಸುವ ಈ ದ್ರವದಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಸಾರಿತು. ವಾಸದ ಮನೆಯಲ್ಲೇ ಹುಳು ಸಾಕುವ ಸಣ್ಣ ರೈತನಿಗೆ ಇದು ಸಣ್ಣ ಮಾತಲ್ಲ.

ತೊಳೆದು ಬಿಸಿಲಿಗೊಡ್ಡುವುದು ಒಳ್ಳೆಯದೇ. ಆದರೆ ಗಂಟುರೋಗದ ಬೀಜಾಣುವಿನ ವಿಷಯದಲ್ಲಿ ಬಿಸಿಲೊಂದನ್ನೇ ನಂಬಲಾಗದು. ಬಲೆ, ಬಟ್ಟೆಗಳನ್ನು ನೀರಿನಲ್ಲಿ ಕುದಿಸುವುದು, ಚಂದ್ರಿಕೆಯ ಮೇಲೆ ಬೆಂಕಿಯ ಜ್ವಾಲೆ ಹಾಯಿಸುವುದು ಅದಕ್ಕಿಂತ ಬಲವಾದ ಉಪಾಯಗಳು. ಜೈನ ಶ್ರಾವಕನು ಇಲ್ಲಿ ಕ್ಷಣಕಾಲ ತಡೆಯುತ್ತಾನೆ: ಅಗ್ನಿಯಲ್ಲೂ ಜೀವಗಳುಂಟು, ಬಿದಿರಿನ ಸಂದಿಯಲ್ಲಿ ಇರುವೆ, ಜೇಡಗಳುಂಟು. ಜ್ವಾಲೆಗೆ ಮೊದಲು ಮೃದುವಾದ ಪೊರಕೆಯಿಂದ ಪ್ರಮಾರ್ಜನ ಮಾಡುವುದಕ್ಕೆ ಖರ್ಚೇನೂ ಇಲ್ಲ.

ಇಷ್ಟಾಗಿಯೂ ಶುದ್ಧ ತಟ್ಟೆಯಲ್ಲಿ ಬೆಳೆದ ಹುಳು ನೂಲಿಗಾಗಿ ಗೂಡಿನೊಳಗೇ ಬಿಸಿಗೆ ಸಾಯುತ್ತದೆ. ಇದನ್ನು ರೈತನೊಬ್ಬನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಕೊಳ್ಳುವವರಿರುವುದರಿಂದಲೇ ಅವನು ಸಾಕುತ್ತಾನೆ. ಹಲವು ಜೈನ ಕುಟುಂಬಗಳು ರೇಷ್ಮೆಯನ್ನು ಬಿಟ್ಟಿವೆ. ಬಸದಿಗೆ ಪೂಜಾವಸ್ತ್ರ ಖರೀದಿಸುವ ಟ್ರಸ್ಟಿನವರೂ ಹತ್ತಿಯನ್ನು ಆರಿಸಬಲ್ಲರು.