ನೀರು ಬಂದ ದಾರಿ, ಕೊಳಚೆ ಹೋದ ದಾರಿ

ಬೆಂಗಳೂರಿಗೆ ನೀರು ಬಂದ ಕಥೆಯನ್ನು ಅನೇಕರು ಬಲ್ಲರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದಿಂದ ನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೇರಿ ಕಾವೇರಿ ನೀರು ಬಂತು. ಬಳಸಿದ ನೀರು ಎಲ್ಲಿಗೆ ಹೋಯಿತು ಎಂಬ ಕಥೆ ಮಾತ್ರ ಅಷ್ಟಾಗಿ ತಿಳಿದಿಲ್ಲ.

ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತದೆ. ಊರು ಬೆಳೆದಂತೆ ಮಳೆನೀರಿನ ದಾರಿಗಳೇ ಕೊಳಚೆಯ ದಾರಿಗಳೂ ಆದವು. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುತ್ತದೆಂಬ ಪ್ರತೀತಿಯ ವೃಷಭಾವತಿ, ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ.

ತುಂಬಿ ಹರಿಯುವ ನದಿ ಸ್ವಲ್ಪ ಕೊಳೆಯನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಮಳೆಗಾಲ ಕಳೆದೊಡನೆ ಬತ್ತುವ ಬಯಲುಸೀಮೆಯ ಹೊಳೆಗೆ ಆ ಶಕ್ತಿ ಇಲ್ಲ. ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವುದು ಬಹುಮಟ್ಟಿಗೆ ನಗರ ಬಿಟ್ಟ ನೀರೇ. ನಗರ ಅದನ್ನು ಎಷ್ಟು ಶುದ್ಧಗೊಳಿಸುತ್ತದೆಯೋ ನದಿಯೂ ಅಷ್ಟೇ ಶುದ್ಧ.

ಇದಕ್ಕೆ ಬೇಕಾದ ವಿದ್ಯೆಯೇನೂ ತಡವಾಗಿ ಬರಲಿಲ್ಲ. ಕೊಳಚೆಗೆ ಗಾಳಿ ಊದಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಬೆಳೆದು ಕೊಳೆಯನ್ನು ತಿನ್ನುತ್ತವೆ. ಬಳಿಕ ಕೆಸರಾಗಿ ತಳದಲ್ಲಿ ಕೂರುತ್ತವೆ. ಆ ಕೆಸರಿನ ಒಂದಂಶವನ್ನು ಹೊಸ ಕೊಳಚೆಗೆ ಬೆರೆಸಿದರೆ ಕೆಲಸ ಬೇಗ ಆಗುತ್ತದೆ. ಈ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಪ್ರಾಧ್ಯಾಪಕರಾಗಿ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ!

ಆದರೂ ನಗರದ ದೊಡ್ಡ ಶುದ್ಧೀಕರಣ ಘಟಕಗಳು ತಲೆಯೆತ್ತಿದ್ದು 1970ರ ದಶಕದಲ್ಲಿ. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಕಾವೇರಿ ನೀರು ಬಂದ ವರ್ಷವೇ. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಹೊಸ ಬಡಾವಣೆಗಳಿಗೆ ನಲ್ಲಿ ಬಂದಷ್ಟು ಬೇಗ ಒಳಚರಂಡಿ ಬರಲಿಲ್ಲ. ಕೊಳಚೆ ಘಟಕ ಮುಟ್ಟದೆ ರಾಜಕಾಲುವೆಗೆ ಬಿತ್ತು. ಕಾರ್ಖಾನೆಗಳ ಲೋಹಾಂಶವೂ ಸೇರಿತು. ಅದನ್ನು ತಿಂದು ಮುಗಿಸುವುದು ಸೂಕ್ಷ್ಮಜೀವಿಗಳಿಗೆ ಸಾಧ್ಯವಿಲ್ಲ. ನೀರಾವರಿಗೆಂದು ಕಟ್ಟಿದ ಬೈರಮಂಗಲ ಕೆರೆಯ ರೈತರ ಪಾಲಿಗೆ ಬಂದದ್ದು ನೊರೆ ತುಂಬಿದ ಕಪ್ಪು ನೀರು.

ಇದೇ ನೀರು ಬರಪೀಡಿತರಿಗೆ ಆಸರೆಯೂ ಆಗಬಲ್ಲದು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ ಅದು. ಮರುತಿಂಗಳೇ ನೊರೆ ಕಾಣಿಸಿಕೊಂಡಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕೆರೆ ತುಂಬಿದ ಸಂತೋಷ, ಅಂತರ್ಜಲ ಕೆಟ್ಟೀತೆಂಬ ಭಯ ಎರಡೂ ಒಟ್ಟಿಗೇ ಬಂದವು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಎಂಜಿನಿಯರುಗಳ ಲೆಕ್ಕದಂತೆ ಪೂರ್ತಿ ನೀರು ಬಳಕೆಯಾದರೆ 62 ಕೋಟಿ ಲೀಟರ್ ಕೊಳಚೆ ಮತ್ತೆ ಅದೇ ಕಣಿವೆಗಳಿಗೆ ಇಳಿಯಲಿದೆ.