ಬಿಳಿ ಹೊಳಪು ಕಂಡ ದಿನದಿಂದ: ಮಕ್ಕಳ ಕಣ್ಣಿನ ಕ್ಯಾನ್ಸರ್, ವಿಳಂಬ ಮತ್ತು ಕುಟುಂಬದ ಆಸರೆ

ಮಗುವಿನ ಕಣ್ಣಿನ ಪಾಪೆ ಕಪ್ಪಗಿರಬೇಕು. ಸಂಜೆ ದೀಪ ಹಾಕಿದ ಹೊತ್ತಿನಲ್ಲಿ ತೊಡೆಯ ಮೇಲಿನ ಕೂಸು ಒಂದು ಪಕ್ಕಕ್ಕೆ ಹೊರಳಿ ನೋಡಿದಾಗ ಆ ಕಪ್ಪಿನೊಳಗಿಂದ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಕಂಡರೆ ಅದನ್ನು ಮೊದಲು ಕಾಣುವವಳು ಸಾಮಾನ್ಯವಾಗಿ ತಾಯಿ, ಇಲ್ಲವೇ ಅಜ್ಜಿ. ಹಗಲಿನ ಬೆಳಕಿಗೆ ಪಾಪೆ ಕಿರಿದಾಗಿರುತ್ತದೆ, ಮಬ್ಬಿನಲ್ಲಿ ಹಿಗ್ಗುತ್ತದೆ. ಆದ್ದರಿಂದ ಸಂಜೆ ಕಂಡದ್ದು ಮರುದಿನ ಬೆಳಗ್ಗೆ ವೈದ್ಯರ ಮುಂದೆ ಕಾಣದೆ ಹೋಗಬಹುದು. ‘ಏನಿಲ್ಲ ಬಿಡಮ್ಮಾ’ ಎಂಬ ಮಾತು ಕೇಳಿಕೊಂಡು ತಾಯಿ ಮನೆಗೆ ಮರಳುತ್ತಾಳೆ. ಈ ಲೇಖನದ ವಾದ ಆ ಮರಳುವಿಕೆಯ ಸುತ್ತಲೇ ಇದೆ. ರೆಟಿನೋಬ್ಲಾಸ್ಟೋಮಾ ಎಂಬ ಅಪರೂಪದ ಕಣ್ಣಿನ ಕ್ಯಾನ್ಸರಿನ ಜೀವಶಾಸ್ತ್ರ ನಮಗೆ ಚೆನ್ನಾಗಿ ತಿಳಿದಿದೆ. ಆದರೆ ತಾಯಿ ಕಂಡ ದಿನಕ್ಕೂ ಚಿಕಿತ್ಸೆ ಶುರುವಾಗುವ ದಿನಕ್ಕೂ ನಡುವಿನ ಕಾಲವನ್ನು ನಾವು ಇನ್ನೂ ಸಂಶೋಧನೆಯ ವಸ್ತುವಾಗಿ ಗಂಭೀರವಾಗಿ ತೆಗೆದುಕೊಂಡಿಲ್ಲ.

ಈ ಕಾಲವನ್ನು ಅಳೆಯಲು ಒಂದು ಊರು ಬೇಕು. ನಾನು ಇಟ್ಟುಕೊಂಡಿರುವುದು ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಪಿಂಪಳಗಾಂವ್ ಬಸವಂತ್. ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ ಈ ಊರು ದ್ರಾಕ್ಷಿ, ಈರುಳ್ಳಿ, ಟೊಮ್ಯಾಟೊಗಳ ದೊಡ್ಡ ಪೇಟೆ. ತೀರಾ ಬಡ ಊರಲ್ಲ, ತೀರಾ ದೂರದ ಊರೂ ಅಲ್ಲ. ನಾಸಿಕ್ ನಗರ ಅರ್ಧ ಮುಕ್ಕಾಲು ಗಂಟೆಯ ದಾರಿ. ಆದರೆ ಮಗುವಿನ ಕಣ್ಣಿನ ಕ್ಯಾನ್ಸರಿಗೆ ಸಂಪೂರ್ಣ ಚಿಕಿತ್ಸೆ ಬೇಕೆಂದರೆ ಒಂದೋ ಪಶ್ಚಿಮಕ್ಕೆ ಘಟ್ಟ ಇಳಿದು, 1941ರಲ್ಲಿ ಶುರುವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಬೇಕು. ಇಲ್ಲವೇ ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರದಲ್ಲಿ ಜನ ‘ಘಾಟಿ’ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಕ್ಯಾನ್ಸರ್ ಆಸ್ಪತ್ರೆಯ ಬಾಗಿಲು ತಟ್ಟಿ, ಅಲ್ಲಿಂದ ಮುಂದಿನ ದಾರಿ ಕೇಳಬೇಕು. ಎರಡೂ ದಿಕ್ಕಿಗೆ ನೂರೈವತ್ತರಿಂದ ಇನ್ನೂರು ಕಿಲೋಮೀಟರು. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಕೂಲಿಯ ದಂಪತಿಗೆ ಈ ದೂರ ಕಿಲೋಮೀಟರಿನ ಲೆಕ್ಕದಲ್ಲಿ ಇರುವುದಿಲ್ಲ, ತಪ್ಪಿದ ದಿನಗೂಲಿಯ ಲೆಕ್ಕದಲ್ಲಿ ಇರುತ್ತದೆ. ಅಕ್ಕಲಕೋಟೆ, ಜತ್, ದಕ್ಷಿಣ ಸೊಲ್ಲಾಪುರದ ನಮ್ಮ ಕನ್ನಡ ಮನೆಗಳ ಲೆಕ್ಕವೂ ಇದೇ. ಅವರಿಗೆ ಮುಂಬಯಿಯ ಜೊತೆಗೆ ಹೈದರಾಬಾದು, ಬೆಂಗಳೂರುಗಳ ದಾರಿಯೂ ಇದೆ. ಆದರೆ ರಾಜ್ಯದ ಗಡಿ ದಾಟಿದೊಡನೆ ಆರೋಗ್ಯ ಕಾರ್ಡಿನ ಪ್ರಶ್ನೆ ಏಳುತ್ತದೆ.

ರೋಗದ ಬಗ್ಗೆ ತಿಳಿದಿರುವುದು

ಹದಿನೈದರಿಂದ ಇಪ್ಪತ್ತು ಸಾವಿರ ಹೆರಿಗೆಗಳಿಗೆ ಒಂದು ಮಗುವಿನಂತೆ ಕಾಣಿಸಿಕೊಳ್ಳುವ ಈ ಕ್ಯಾನ್ಸರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 8,000 ಮಕ್ಕಳಿಗೆ ಬರುತ್ತದೆ. ಅದರಲ್ಲಿ 1,500ರಿಂದ 2,000 ಮಕ್ಕಳು ಭಾರತದವರು ಎಂಬುದು ಸಾಮಾನ್ಯ ಅಂದಾಜು. ‘ಅಪರೂಪ’ ಎಂಬ ಮಾತು ನಮ್ಮ ಜನಸಂಖ್ಯೆಯ ಮುಂದೆ ಸಡಿಲಾಗುತ್ತದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ವಾರ್ಡ್ರೋಪ್ 1809ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ, ಕಣ್ಣು ತೆಗೆದರೆ ಜೀವ ಉಳಿದೀತು ಎಂದು ವಾದಿಸಿದ. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಆಡಿದ ಮಾತು ಅದು.

1971ರಲ್ಲಿ ಆಲ್ಫ್ರೆಡ್ ನುಡ್ಸನ್ ಕೇವಲ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕ್ಯಾನ್ಸರ್ ವಿಜ್ಞಾನದ ದಿಕ್ಕನ್ನೇ ಬದಲಿಸಿದರು. ಎರಡೂ ಕಣ್ಣಿಗೆ ಗೆಡ್ಡೆ ಬಂದ ಮಕ್ಕಳಲ್ಲಿ ರೋಗ ಬೇಗ ಕಾಣಿಸುತ್ತದೆ, ಒಂದೇ ಕಣ್ಣಿನವರಲ್ಲಿ ತಡವಾಗಿ. ಏಕೆ? ಪ್ರತಿ ಜೀವಕೋಶದಲ್ಲೂ ಒಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಎರಡೂ ಕೆಟ್ಟಾಗ ಮಾತ್ರ ಕೋಶ ಹತೋಟಿ ತಪ್ಪುತ್ತದೆ. ಕೆಲವು ಮಕ್ಕಳು ಒಂದು ಕೆಟ್ಟ ಪ್ರತಿಯನ್ನು ಮೈಯ ಎಲ್ಲ ಕೋಶಗಳಲ್ಲೂ ಹೊತ್ತುಕೊಂಡೇ ಹುಟ್ಟುತ್ತಾರೆ, ಅವರಿಗೆ ಇನ್ನೊಂದು ಪೆಟ್ಟು ಸಾಕು. ಉಳಿದವರಿಗೆ ಒಂದೇ ಕೋಶಕ್ಕೆ ಎರಡು ಪೆಟ್ಟೂ ಬೀಳಬೇಕು. 13ನೆಯ ವರ್ಣತಂತುವಿನ ಮೇಲಿರುವ ಆ ವಂಶವಾಹಿ, ಆರ್‌ಬಿ1, 1986ರಲ್ಲಿ ಕೈಗೆ ಸಿಕ್ಕಿತು. ಗೆಡ್ಡೆಯನ್ನು ತಡೆಯುವ ವಂಶವಾಹಿಗಳ ಪೈಕಿ ಮನುಷ್ಯ ಮೊದಲು ಹಿಡಿದದ್ದು ಇದನ್ನೇ. ಸ್ತನ, ಶ್ವಾಸಕೋಶಗಳ ಕ್ಯಾನ್ಸರ್ ಕುರಿತು ಇಂದು ನಾವು ಯೋಚಿಸುವ ರೀತಿಗೆ ಈ ಮಕ್ಕಳ ಋಣವಿದೆ. ಆ ಋಣ ಇನ್ನೂ ತೀರಿಲ್ಲ.

ಚಿಕಿತ್ಸೆಯೂ ನಿಂತಲ್ಲೇ ನಿಂತಿಲ್ಲ. ರಕ್ತನಾಳಕ್ಕೆ ಕೊಡುವ ಕೀಮೋಥೆರಪಿಯ ಜೊತೆಗೆ, 2006ರಲ್ಲಿ ನ್ಯೂಯಾರ್ಕಿನಲ್ಲಿ ಡೇವಿಡ್ ಅಬ್ರಾಮ್ಸನ್ ಮತ್ತು ಪಿಯೇರ್ ಗೋಬಾನ್ ತೊಡೆಯ ಧಮನಿಯಿಂದ ಕೂದಲೆಳೆಯಂಥ ಕೊಳವೆಯನ್ನು ಕಣ್ಣಿನ ಧಮನಿಯವರೆಗೆ ಒಯ್ದು ಅಲ್ಲೇ ಮೆಲ್ಫಲಾನ್ ಔಷಧಿ ಬಿಡುವ ಕ್ರಮ ಆರಂಭಿಸಿದರು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವು ಬಳಸಿದ ಅಣು ಇಂಧನದ ತ್ಯಾಜ್ಯದಿಂದ ರುಥೇನಿಯಂ-106 ಬೇರ್ಪಡಿಸಿ, ಗೆಡ್ಡೆಗೆ ವಿಕಿರಣ ಕೊಡಲು ಕಣ್ಣಿನ ಹೊರಗೋಡೆಗೆ ಹೊಲಿದು ಕೆಲ ಕಾಲ ಇಡುವ ಪುಟ್ಟ ಬಿಲ್ಲೆಗಳನ್ನು ತಯಾರಿಸಿದೆ. ಹೊರದೇಶದಿಂದ ದುಬಾರಿ ಬೆಲೆಗೆ ತರಿಸಬೇಕಿದ್ದ ವಸ್ತು ಇದು. 2017ರಿಂದೀಚೆಗೆ ಕಣ್ಣಿನ ಮುಂಭಾಗದ ದ್ರವದ ಒಂದೆರಡು ಹನಿಯಲ್ಲೇ ಗೆಡ್ಡೆಯ ಡಿಎನ್‌ಎ ಹುಡುಕುವ ವಿಧಾನ ಬೆಳೆಯುತ್ತಿದೆ. ಈ ರೋಗದಲ್ಲಿ ಗೆಡ್ಡೆಯೊಳಗೆ ಸೂಜಿ ಹಾಕಿ ಚೂರು ತೆಗೆಯುವಂತಿಲ್ಲ, ಕ್ಯಾನ್ಸರು ಕಣ್ಣಿನಾಚೆ ಹರಡುವ ಅಪಾಯವಿದೆ. ಆದ್ದರಿಂದಲೇ ಆ ಹನಿಗೆ ಅಷ್ಟು ಬೆಲೆ.

ವಿಳಂಬ ಎಂಬ ಸಂಶೋಧನಾ ವಸ್ತು

ಇಷ್ಟೆಲ್ಲ ತಿಳಿದ ಮೇಲೂ ಮಗು ಬದುಕುವುದು ಎಲ್ಲಿ ಹುಟ್ಟಿತು ಎಂಬುದರ ಮೇಲೆ ನಿಂತಿದೆ. 2017ರಲ್ಲಿ ಹೊಸದಾಗಿ ಪತ್ತೆಯಾದ 4,351 ಮಕ್ಕಳ ವಿವರವನ್ನು 153 ದೇಶಗಳಿಂದ ಸಂಗ್ರಹಿಸಿದ ಜಾಗತಿಕ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ನಡುವಯಸ್ಸು ಸುಮಾರು 14 ತಿಂಗಳು, ಬಡ ದೇಶಗಳಲ್ಲಿ ಸುಮಾರು 30 ತಿಂಗಳು. ಕಣ್ಣಿನಾಚೆ ಹರಡಿದ ರೋಗ ಮೊದಲ ಗುಂಪಿನಲ್ಲಿ ನೂರಕ್ಕೆ ಒಂದೆರಡು, ಎರಡನೆಯದರಲ್ಲಿ ಹೆಚ್ಚುಕಡಿಮೆ ಅರ್ಧ. ಮೂರು ವರ್ಷಗಳ ನಂತರ ಅದೇ ಮಕ್ಕಳನ್ನು ನೋಡಿದಾಗ ಶ್ರೀಮಂತ ದೇಶಗಳಲ್ಲಿ ಶೇ. 99ಕ್ಕೂ ಹೆಚ್ಚು, ಭಾರತ ಸೇರುವ ಕೆಳ-ಮಧ್ಯಮ ಆದಾಯದ ಗುಂಪಿನಲ್ಲಿ ಶೇ. 80ರಷ್ಟು, ಬಡ ದೇಶಗಳಲ್ಲಿ ಶೇ. 57ರಷ್ಟು ಮಕ್ಕಳು ಬದುಕಿದ್ದರು. ಹೆಚ್ಚಿನ ಮಕ್ಕಳನ್ನು ವೈದ್ಯರ ಬಳಿಗೆ ಕರೆತಂದ ಲಕ್ಷಣ ಒಂದೇ: ಬಿಳಿ ಹೊಳಪು. ಅದರ ನಂತರದ್ದು ಮೆಳ್ಳಗಣ್ಣು.

ಮೆಳ್ಳಗಣ್ಣಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಕಡೆಯೂ ಮಹಾರಾಷ್ಟ್ರದಲ್ಲೂ ಅದು ಅದೃಷ್ಟದ ಗುರುತು ಎಂದು ನಂಬುವ ಮನೆಗಳಿವೆ. ಹೆಚ್ಚಿನ ಮೆಳ್ಳಗಣ್ಣುಗಳಲ್ಲಿ ಕ್ಯಾನ್ಸರ್ ಇರುವುದಿಲ್ಲ, ನಿಜ. ಆದರೆ ಹೊಸದಾಗಿ ಕಾಣಿಸಿಕೊಂಡ ಮೆಳ್ಳಗಣ್ಣಿನ ಹಿಂದೆ ಪಾಪೆಗೆ ಔಷಧಿ ಹಾಕಿ ಹಿಗ್ಗಿಸಿ ಅಕ್ಷಿಪಟಲವನ್ನು ನೋಡದೆ ಯಾವ ಮಗುವನ್ನೂ ಮನೆಗೆ ಕಳಿಸಬಾರದು. ನಂಬಿಕೆಯನ್ನು ಹಳಿಯುವುದರಿಂದ ಏನೂ ಆಗದು. ‘ಅದೃಷ್ಟವೇ ಇರಲಿ, ಒಮ್ಮೆ ತೋರಿಸಿಬಿಡಿ’ ಎಂದು ಆಶಾ ಕಾರ್ಯಕರ್ತೆ ಹೇಳಿದರೆ ಸಾಕು.

ವಿಳಂಬವನ್ನು ಎರಡಾಗಿ ಬಿಡಿಸಿ ನೋಡುವುದು ಅಗತ್ಯ. ತಾಯಿ ಕಂಡ ದಿನದಿಂದ ಮೊದಲ ವೈದ್ಯರವರೆಗಿನದು ಮನೆಯ ವಿಳಂಬ. ಮೊದಲ ವೈದ್ಯರಿಂದ ಸರಿಯಾದ ಕೇಂದ್ರದವರೆಗಿನದು ವ್ಯವಸ್ಥೆಯ ವಿಳಂಬ. ಚರ್ಚೆಯಲ್ಲಿ ಬೈಗುಳ ಯಾವಾಗಲೂ ಮೊದಲನೆಯದಕ್ಕೆ: ಅಜ್ಞಾನ, ಮೂಢನಂಬಿಕೆ, ನಾಟಿ ಮದ್ದು. ಎರಡನೆಯದನ್ನು ಹಾಗೆಯೇ ಅಳೆದು ಬರೆಯುವ ಅಭ್ಯಾಸ ನಮ್ಮ ಆಸ್ಪತ್ರೆಗಳ ಕೇಸ್‌ಶೀಟುಗಳಲ್ಲಿ ಬರಬೇಕು. ‘ಮೊದಲು ಯಾರು, ಯಾವ ದಿನ, ಏನು ಕಂಡರು, ಆಮೇಲೆ ಎಷ್ಟು ಬಾಗಿಲು ತಟ್ಟಿದರು’ ಎಂಬ ನಾಲ್ಕು ಸಾಲನ್ನು ಪ್ರತಿ ಕೇಂದ್ರವೂ ಬರೆದಿಟ್ಟರೆ ಐದು ವರ್ಷದಲ್ಲಿ ಯಾವ ಪ್ರಯೋಗಾಲಯವೂ ಕೊಡಲಾಗದ ದತ್ತಾಂಶ ಕೈಯಲ್ಲಿರುತ್ತದೆ.

ಇದು ಆಗದ ಮಾತಲ್ಲ ಎಂಬುದಕ್ಕೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೇ ಸಾಕ್ಷಿ. 1987ರಲ್ಲಿ ಅಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಹಳ್ಳಿಯ ರೋಗಿ ತಾನಾಗಿ ಆಸ್ಪತ್ರೆಗೆ ಬಂದಾನೆಂದು ಕಾಯದೆ ನೋಂದಣಿಯ ಸಿಬ್ಬಂದಿಯೇ ಹಳ್ಳಿಗಳನ್ನು ಸುತ್ತಿದರು, ಜನರ ಜೊತೆ ಕೂತು ಲಕ್ಷಣಗಳ ಬಗ್ಗೆ ಮಾತಾಡಿದರು. ಲೆಕ್ಕ ಬರೆಯಲು ಹೋದವರ ಈ ಮಾತುಕತೆಯಿಂದ ಗರ್ಭಕಂಠದ ಕ್ಯಾನ್ಸರು ಮುಂಚಿನ ಹಂತದಲ್ಲೇ ಪತ್ತೆಯಾಗುವ ಪ್ರಮಾಣ ಏರಿತು. ಎಣಿಸುವ ಕೆಲಸವೇ ಚಿಕಿತ್ಸೆಯ ಮೊದಲ ಹೆಜ್ಜೆಯಾದದ್ದು ಹೀಗೆ.

ಕರ್ನಾಟಕದ ಉದಾಹರಣೆ ಇನ್ನೂ ಹತ್ತಿರದ್ದು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ‘ಕಿಡ್‌ರಾಪ್’ ಎಂಬ ಯೋಜನೆ ಆರಂಭಿಸಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಅಕ್ಷಿಪಟಲದ ಚಿತ್ರವನ್ನು ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ತೆಗೆಯುತ್ತಾರೆ; ದೂರದಲ್ಲಿರುವ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುತ್ತಾರೆ. ಆ ಯೋಜನೆಯ ಗುರಿ ಬೇರೆ ರೋಗ. ಆದರೆ ವೈದ್ಯರಲ್ಲದವರಿಗೆ ಸರಿಯಾದ ತರಬೇತಿ ಕೊಟ್ಟರೆ ಕೂಸಿನ ಕಣ್ಣಿನ ಒಳಗೋಡೆಯನ್ನು ನಂಬುವಂತೆ ಚಿತ್ರಿಸಬಲ್ಲರು ಎಂಬುದನ್ನು ಅದು ತೋರಿಸಿಕೊಟ್ಟಿದೆ. ನಾಸಿಕ್ ಸೀಮೆಗೂ ಮರಾಠವಾಡಕ್ಕೂ ಬೇಕಾದದ್ದು ಇಂಥ ಏರ್ಪಾಡೇ.

ಸರ್ಕಾರದ ಕೈಯಲ್ಲಿ ಸಾಧನವೂ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲಘರ್‌ನಲ್ಲೇ ಉದ್ಘಾಟನೆಯಾದದ್ದು. ಅದರಡಿ ಮಕ್ಕಳಲ್ಲಿ ತಪಾಸಣೆ ಮಾಡುವ 30 ತೊಂದರೆಗಳ ಮೂಲ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇದೆ, ಅಕಾಲಿಕ ಶಿಶುಗಳ ಅಕ್ಷಿಪಟಲದ ರೋಗ ಇದೆ. ಮಗುವಿನ ಜೀವವನ್ನೇ ತೆಗೆಯುವ ಈ ಕ್ಯಾನ್ಸರಿನ ಹೆಸರಿಲ್ಲ. ಇದು ಸರಿಯಲ್ಲ. ಕಣ್ಣಿನ ಪೊರೆಯನ್ನು ಹುಡುಕುವ ಅದೇ ಬೆಳಕು, ಅದೇ ಒಂದು ನಿಮಿಷ ಇಲ್ಲಿಗೂ ಸಲ್ಲುತ್ತದೆ: ಕೋಣೆ ಮಬ್ಬಾಗಿಸಿ, ತೋಳಿನುದ್ದ ದೂರದಿಂದ ಆಫ್ತಾಲ್ಮೋಸ್ಕೋಪಿನ ಬೆಳಕನ್ನು ಎರಡೂ ಕಣ್ಣಿಗೆ ಒಟ್ಟಿಗೆ ಹಾಯಿಸಿದಾಗ ಎರಡೂ ಪಾಪೆಗಳಲ್ಲಿ ಒಂದೇ ತೆರನ ಕೆಂಪು-ಕಿತ್ತಳೆ ಹೊಳಪು ಮರಳಬೇಕು. ಒಂದು ಮಂಕಾದರೆ, ಬಿಳುಪಾದರೆ, ಆ ದಿನವೇ ಮುಂದಕ್ಕೆ ಕಳಿಸಬೇಕು. ಅಂಚಿನಲ್ಲಿರುವ ಚಿಕ್ಕ ಗೆಡ್ಡೆಗಳು ಈ ಪರೀಕ್ಷೆಗೆ ಸಿಗದಿರಬಹುದು. ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಹುಟ್ಟಿದ ವಾರಗಳಲ್ಲೇ ಪಾಪೆ ಹಿಗ್ಗಿಸಿ ಪೂರ್ತಿ ಪರೀಕ್ಷೆ ಮಾಡಿಸಬೇಕು.

ಆಸರೆಯೂ ಚಿಕಿತ್ಸೆಯೇ

ಕಣ್ಣು ತೆಗೆಯಬೇಕು ಎಂಬ ಮಾತನ್ನು ಒಪ್ಪಿಕೊಳ್ಳುವುದು ತಂದೆತಾಯಿಗೆ ಎಷ್ಟು ಕಷ್ಟ ಎಂಬುದನ್ನು ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕಗಳು ಅರ್ಧ ಸಾಲಿನಲ್ಲಿ ಮುಗಿಸುತ್ತವೆ. ಗೆಡ್ಡೆ ಕಣ್ಣು ತುಂಬಿದಾಗ ತೆಗೆಯುವುದೇ ಜೀವ ಉಳಿಸುವ ದಾರಿ. ಮಗು ಆಡುತ್ತಿದೆ, ನಗುತ್ತಿದೆ, ನೋವಿಲ್ಲ. ಅಂಥ ಮಗುವಿನ ಕಣ್ಣು ತೆಗೆಸಲು ಸಹಿ ಹಾಕು ಎಂದರೆ ತಂದೆ ‘ಊರಿಗೆ ಹೋಗಿ ಹಿರಿಯರನ್ನು ಕೇಳಿ ಬರುತ್ತೇವೆ’ ಎನ್ನುತ್ತಾನೆ. ಹೆಣ್ಣುಮಗುವಾದರೆ ‘ನಾಳೆ ಮದುವೆ?’ ಎಂಬ ಪ್ರಶ್ನೆ ಬರುತ್ತದೆ. ಹಾಗೆ ಹೋದವರು ಮರಳಿ ಬಂದಾಗ ಕೆಲವೊಮ್ಮೆ ರೋಗ ದೃಷ್ಟಿನರದ ಗುಂಟ ಮಿದುಳಿನ ಕಡೆಗೆ ನಡೆದಿರುತ್ತದೆ.

ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಒಂದು ವಸ್ತು ಮತ್ತು ಒಬ್ಬ ಮನುಷ್ಯ. ವಸ್ತು, ಕೃತಕ ಕಣ್ಣು. ಶಸ್ತ್ರಚಿಕಿತ್ಸೆಯಾದ ಆರೇಳು ವಾರಕ್ಕೆ ಗಾಯ ಮಾಗಿದ ಮೇಲೆ ಕುಳಿಯ ಅಚ್ಚು ತೆಗೆಯುತ್ತಾರೆ. ಕುಶಲಿ ಮಗುವನ್ನು ಎದುರು ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡುತ್ತಾ ಅಕ್ರಿಲಿಕ್ಕಿನ ಮೇಲೆ ಕಂದುಬಣ್ಣದ ವೃತ್ತವನ್ನು ಸಣ್ಣ ಕುಂಚದಲ್ಲಿ ಪದರ ಪದರವಾಗಿ ತುಂಬುತ್ತಾನೆ, ಬಿಳಿಭಾಗದ ನರಗಳಿಗೆ ಕೆಂಪು ರೇಷ್ಮೆಯ ಎಳೆ ಅಂಟಿಸುತ್ತಾನೆ. ಅದನ್ನು ಹಾಕಿಕೊಂಡು ಶಾಲೆಗೆ ಹೋಗುವ ಮಗುವನ್ನು ಕಂಡ ತಾಯಿಯೇ ನಾನು ಹೇಳಿದ ಆ ಮನುಷ್ಯ. ಹೊಸದಾಗಿ ಬಂದವಳ ಪಕ್ಕ ಕೂತು ಅವಳದೇ ಭಾಷೆಯಲ್ಲಿ ‘ನಮ್ಮದೂ ಹೀಗೇ ಆಗಿತ್ತು ಅಕ್ಕಾ’ ಎನ್ನುವ ಆ ಮಾತಿಗೆ ಇರುವ ತೂಕ ತಜ್ಞರ ಒಂದು ಗಂಟೆಯ ವಿವರಣೆಗೂ ಇಲ್ಲ. ಬೆಂಗಳೂರಿನ ಇಕ್ಷಾ ಫೌಂಡೇಷನ್ ಈ ರೋಗದ ಕುಟುಂಬಗಳಿಗೆಂದೇ ಕೆಲಸ ಮಾಡುತ್ತಿದೆ. ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳು ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಗೂ ಉಚಿತವಾಗಿ ಮನೆ ಕೊಡುತ್ತವೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾಗಲಿ ನಮ್ಮ ಆರೋಗ್ಯ ಕರ್ನಾಟಕವಾಗಲಿ ನೋಡಿಕೊಳ್ಳುವುದು ಮುಖ್ಯವಾಗಿ ಆಸ್ಪತ್ರೆಯ ಬಿಲ್ಲನ್ನು. ಮೂರು ನಾಲ್ಕು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುವ ಕೀಮೋಥೆರಪಿಯನ್ನು ಕುಟುಂಬಗಳು ನಡುವೆ ಬಿಟ್ಟುಬಿಡುವುದು ಬಿಲ್ಲಿನ ಆಚೆಗಿರುವ ಬಸ್ ಚಾರ್ಜು, ಬಾಡಿಗೆ, ತಪ್ಪಿದ ಕೂಲಿಗಳಿಂದಾಗಿ. ಹಾಗೆ ಬಿಟ್ಟುಹೋದವರನ್ನು ‘ಮರಳಿ ಬರಲಿಲ್ಲ’ ಎಂದು ಬರೆದು ಪಟ್ಟಿಯಿಂದ ತೆಗೆದುಹಾಕುವ ಅಧ್ಯಯನವನ್ನು ನಾನು ಪೂರ್ಣವೆಂದು ಒಪ್ಪಲಾರೆ. ಅವರನ್ನು ಸೋಲಿನ ಲೆಕ್ಕದಲ್ಲಿ ಸೇರಿಸಬೇಕು, ಆ ಸೋಲು ವ್ಯವಸ್ಥೆಯದು.

ವಂಶವಾಹಿ ಪರೀಕ್ಷೆಯನ್ನೂ ಆಸರೆಯ ಭಾಗವಾಗಿಯೇ ನೋಡಬೇಕು. ಈ ಮಕ್ಕಳಲ್ಲಿ ಸುಮಾರು ಶೇ. 40 ಮಂದಿಯ ರೋಗ ಮುಂದಿನ ಪೀಳಿಗೆಗೆ ಹೋಗಬಲ್ಲದು. ಒಂದೇ ಕಣ್ಣಿಗೆ ಬಂದವರಲ್ಲೂ ನೂರಕ್ಕೆ ಹದಿನೈದರಷ್ಟು ಮಕ್ಕಳು ಕೆಟ್ಟ ಪ್ರತಿಯನ್ನು ಹೊತ್ತವರೇ. ಅವರಿಗೆ ಮುಂದೆ ಹುಟ್ಟುವ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನು ಹೇಳುವಾಗ ಎಚ್ಚರ ಬೇಕು. ನಮ್ಮಲ್ಲಿ ‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆ ಸೊಸೆಯ ಕೊರಳಿಗೇ ಬೀಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ತಂದೆತಾಯಿ ಇಬ್ಬರಲ್ಲೂ ಇರದೆ ಹೊಸದಾಗಿ ಆದದ್ದು ಎಂಬುದನ್ನು ಮೊದಲ ವಾಕ್ಯದಲ್ಲೇ, ಗಂಡ ಮತ್ತು ಅತ್ತೆಯ ಎದುರಿಗೇ ಹೇಳಬೇಕು.

ಲಸಿಕೆಗೆ ಮಗು ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದಲ್ಲಿ ಬರುತ್ತದೆ. ಒಂಬತ್ತು ತಿಂಗಳಿಗೆ ಬರುತ್ತದೆ, ಒಂದೂವರೆ ವರ್ಷದ ಹೊತ್ತಿಗೆ ಮತ್ತೆ ಬರುತ್ತದೆ. ಎರಡೂ ಕಣ್ಣಿನ ರೋಗ ಸಾಮಾನ್ಯವಾಗಿ ಒಂದು ವರ್ಷದ ಸುತ್ತ, ಒಂದೇ ಕಣ್ಣಿನದು ಎರಡು ವರ್ಷದ ಸುತ್ತ ಬಯಲಾಗುತ್ತದೆ. ತಾಯಿ ಕಾರ್ಡಿನಲ್ಲಿ ಲಸಿಕೆಯ ಕೋಷ್ಟಕದ ಪಕ್ಕ ‘ಕಣ್ಣು ನೋಡಲಾಗಿದೆ: ಎಡ, ಬಲ’ ಎಂಬ ಒಂದು ಸಾಲನ್ನು ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸುವಂತೆ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳನ್ನು ಈ ಲೇಖನ ಕೋರುತ್ತದೆ. ಕಾರ್ಡು ಬದಲಾಗುವವರೆಗೆ, ಇದನ್ನು ಓದಿದವರು ತಮ್ಮ ಮನೆಯ ಕೂಸಿನ ಕಣ್ಣನ್ನು ಇಂದು ಸಂಜೆ ಒಮ್ಮೆ ನೋಡಲಿ.